ಹೊಸ ಕ್ಯಾಮರಾ ಕೊಳ್ಳುವ ಮುನ್ನ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಸುತ್ತಿನ ಗ್ರಾಮಗಳಲ್ಲಿ ಹೊಗೆಸೊಪ್ಪಿನ ಹರಾಜಿನ ಹಣ ಮನೆಗೆ ಬರುವ ಕಾಲಕ್ಕೆ ಸರಿಯಾಗಿ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಭೌತವಿಜ್ಞಾನದ ಅಧ್ಯಾಪಕನ ಬಳಿಗೆ ಒಂದು ಪ್ರಶ್ನೆಯನ್ನು ತರುತ್ತಾರೆ: “ಸರ್, ನನ್ನ ಕ್ಯಾಮರಾ 12 ಮೆಗಾಪಿಕ್ಸೆಲಿನದು, 24ರದನ್ನು ಕೊಳ್ಳಬಹುದೆ?” ಕೇಳುವವರ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಆ ಹಣದಲ್ಲಿ ಒಂದು ಸಂಸಾರದ ವರ್ಷದ ದುಡಿಮೆ ಅಡಗಿರುವುದರಿಂದ, ಉತ್ತರವನ್ನು ಅಂಗಡಿಯವನಿಂದ ಪಡೆಯುವುದಕ್ಕಿಂತ ಪಠ್ಯವಿಷಯದಿಂದಲೇ ಪಡೆಯುವುದು ಮೇಲು.

ಬಿಂದುಗಳ ಸಂಖ್ಯೆ ಇಮ್ಮಡಿಯಾದರೆ ಚಿತ್ರದ ಸೂಕ್ಷ್ಮತೆಯೂ ಇಮ್ಮಡಿಯಾಗುವುದೆಂದು ಅನೇಕರು ಭಾವಿಸಿದ್ದಾರೆ. ಬಿಂದುಗಳು ಹರಡುವುದು ವಿಸ್ತೀರ್ಣದಲ್ಲಿ. ಕಣ್ಣು ಗುರುತಿಸುವ ಸೂಕ್ಷ್ಮತೆಯಾದರೋ ಉದ್ದದ ಅಳತೆಗೆ ಸೇರಿದುದು. ಆದುದರಿಂದ ದೊರೆಯುವ ಲಾಭ 2ರ ವರ್ಗಮೂಲದಷ್ಟು, ಅಂದರೆ ಸುಮಾರು 1.4 ಪಟ್ಟು ಮಾತ್ರ. ಅದೂ ಕೈ ನಡುಗದೆ, ಮಸೂರವೂ ಸಮರ್ಥವಾಗಿದ್ದರೆ! ಚಿತ್ರವನ್ನು ಅಂಗೈಯಗಲದ ಫೋನಿನ ಪರದೆಯ ಮೇಲಷ್ಟೇ ನೋಡುವವನಿಗೆ ಈ ಲಾಭವೂ ಕಾಣದು.

ಇನ್ನು ಉದ್ದನೆಯ ಟೆಲಿಫೋಟೋ ಮಸೂರದ ವಿಚಾರ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ಹಿನ್ನೀರು ಬೇಸಗೆಯಲ್ಲಿ ಇಳಿದಾಗ ದಡದ ಹಸುರನ್ನು ಅರಸಿ ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ನಡುಹಗಲಿನಲ್ಲಿ 600 ಮಿಲಿಮೀಟರ್ ಮಸೂರವನ್ನು ದೂರದಿಂದ ಅವುಗಳತ್ತ ತಿರುಗಿಸಿದರೆ ಆಕೃತಿಗಳು ಹರಿಯುವ ನೀರಿನೊಳಗಿರುವಂತೆ ಅಲುಗುತ್ತವೆ. ಕಾದ ನೆಲದಿಂದೇಳುವ ಗಾಳಿಯ ವಕ್ರೀಭವನಾಂಕ ಕ್ಷಣಕ್ಷಣಕ್ಕೂ ಬದಲಾಗುವುದೇ ಇದಕ್ಕೆ ಕಾರಣ. ಪ್ರಬಲವಾದ ಮಸೂರವು ಆನೆಯೊಡನೆ ಈ ಅಲುಗಾಟವನ್ನೂ ದೊಡ್ಡದಾಗಿ ತೋರಿಸುತ್ತದೆ. ಇದರ ಮದ್ದು ಅಂಗಡಿಯಲ್ಲಿಲ್ಲ; ನೆಲ ಕಾಯುವ ಮೊದಲೇ, ಮುಂಜಾನೆ, ಅಲ್ಲಿರುವುದರಲ್ಲಿದೆ. (ವಿದ್ಯಾರ್ಥಿಗಳಿಗೆ ಇದು ಅಪ್ರಿಯವಾದ ಸಲಹೆಯೆಂಬುದನ್ನು ಬಲ್ಲೆ.)

1990ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡಿದ್ದು ಕಾಡುದಾರಿಯ ಪಕ್ಕದಲ್ಲಿ ಇರಿಸಿದ, ಹುಲಿ ಹಾದಾಗ ತಾವೇ ಚಿತ್ರ ತೆಗೆಯುವ ಕ್ಯಾಮರಾಗಳಿಂದ. ಪ್ರತಿಯೊಂದು ಹುಲಿಯ ಪಟ್ಟೆಯೂ ಬೇರೆ. ಅದು ತಿಳಿಯುವಷ್ಟು ಚಿತ್ರ ಸ್ಪಷ್ಟವಾಗಿದ್ದರೆ ಸಾಕಾಗಿತ್ತು. ದೂರವನ್ನು ಅಲ್ಲಿ ಗೆದ್ದದ್ದು ಮಸೂರವಲ್ಲ, ಹುಲಿ ಯಾವ ದಾರಿಯಲ್ಲಿ ನಡೆಯುವುದೆಂಬ ಅರಿವು.

ಹೊಸ ಉಪಕರಣ ಎಂದಿಗೂ ಬೇಡವೆಂದು ನಾನು ಹೇಳುತ್ತಿಲ್ಲ. ಮರದ ತುದಿಯ ಪುಟ್ಟ ಹಕ್ಕಿಗೆ ಉದ್ದನೆಯ ಮಸೂರ ಬೇಕೇ ಬೇಕು. ಮಬ್ಬು ಬೆಳಕಿನಲ್ಲಿ ಎಫ್/4ರ ಬದಲು ಎಫ್/2.8 ಇದ್ದರೆ ಇಮ್ಮಡಿ ಬೆಳಕು ಒಳಬರುವುದೂ ನಿಜ. ಆದರೆ ಕೃಷ್ಣರಾಜನಗರದ ಕಡೆಯ ಚುಂಚನಕಟ್ಟೆಯಲ್ಲಿ ಧುಮುಕುವ ಕಾವೇರಿಯು ಹಾಲಿನ ನೂಲಿನಂತೆ ಮೂಡಬೇಕಾದರೆ ಕ್ಯಾಮರಾ ಅರ್ಧ ಸೆಕೆಂಡು ಅಲುಗದಿರಬೇಕು, ಅಷ್ಟೆ. ಬಂಡೆಯ ಮೇಲಿಟ್ಟ ಮರಳಿನ ಚೀಲ ಆ ಕೆಲಸಕ್ಕೆ ಸಾಕು. ಕೆಟ್ಟ ಚಿತ್ರವೊಂದು ಕೈಗೆ ಬಂದಾಗ ದೋಷ ಬೆಳಕಿನದೋ, ಗಾಳಿಯದೋ, ಕೈಯದೋ, ಉಪಕರಣದ್ದೋ ಎಂದು ವಿಚಾರಿಸಬೇಕು. ಕೊನೆಯದಕ್ಕೆ ಮಾತ್ರ ಹಣ ಪರಿಹಾರ. ಕಂತಿನ ಮೇಲೆ ಕ್ಯಾಮರಾ ಕೊಂಡು, ಧೂಳು ತಾಗೀತೆಂದು ಬೀರುವಿನಿಂದ ಹೊರತೆಗೆಯದ ತರುಣರನ್ನೂ ಕಂಡಿದ್ದೇನೆ. ಅವರ ಹಳೆಯ ಫೋನು ಅವರಿಗೆ ಇದಕ್ಕಿಂತ ಹೆಚ್ಚಿನ ಸಂತೋಷ ಕೊಟ್ಟಿತ್ತು.

ಖರ್ಚಿಲ್ಲದ ಪ್ರಯೋಗವೊಂದುಂಟು. ಬೇಸಗೆಯಲ್ಲಿ ಬರಿದಾಗಿರುವ ಹೊಗೆಸೊಪ್ಪಿನ ಬ್ಯಾರನ್ನಿನ ಗಾಳಿಕಿಂಡಿಗಳನ್ನೆಲ್ಲ ಮುಚ್ಚಿ, ಬಿಸಿಲಿನ ಹೊಲಕ್ಕೆ ಎದುರಾದ ಬಾಗಿಲಿಗೆ ದಪ್ಪ ರಟ್ಟನ್ನು ಅಡ್ಡವಿಟ್ಟು, ಅದರಲ್ಲಿ ಒಂದು ಸೆಂಟಿಮೀಟರಿನ ರಂಧ್ರ ಮಾಡಿರಿ. ಆರೇಳು ಅಡಿ ಒಳಗೆ ಬಿಳಿಯ ಪಂಚೆಯೊಂದನ್ನು ಕಟ್ಟಿ, ಕಣ್ಣು ಕತ್ತಲೆಗೆ ಒಗ್ಗುವವರೆಗೆ ಹತ್ತು ನಿಮಿಷ ಸುಮ್ಮನೆ ಕುಳಿತಿರಿ. ಬೆಳುದಿಂಗಳಷ್ಟು ಮಂದವಾಗಿ ಹೊಲ, ತೆಂಗಿನ ಮರ, ಆಕಾಶ ಎಲ್ಲವೂ ತಲೆಕೆಳಗಾಗಿ ಪಂಚೆಯ ಮೇಲೆ ಮೂಡುತ್ತವೆ. ಹೊರಗೆ ಯಾರಾದರೂ ನಡೆದರೆ ಅವರೂ ತಲೆಕೆಳಗಾಗಿ ನಡೆಯುತ್ತಾರೆ. ಮನೆಯ ಮಕ್ಕಳನ್ನೂ ಒಳಗೆ ಕರೆಯಿರಿ. ಬಾಗಿಲು ತೆರೆಯದಂತೆ ಮೊದಲೇ ಹೇಳಿರಿ.