ಹೊಳೆಯ ಮೀನಿಗೆ ಅನ್ನವೆಲ್ಲಿಂದ?

ನದಿಯ ಮಾತು ಬಂದಾಗಲೆಲ್ಲ ನಾವು ನೀರಿನ ಲೆಕ್ಕ ಹಾಕುತ್ತೇವೆ. ಅಣೆಕಟ್ಟು ಎಷ್ಟು ತುಂಬಿತು, ಎಷ್ಟು ಎಕರೆಗೆ ನೀರು ಹರಿಯಿತು ಎಂದು ವಿಚಾರಿಸುತ್ತೇವೆ. ಆ ನೀರಿನೊಳಗಿನ ಜೀವಿಗಳು ಏನನ್ನು ಉಂಡು ಬದುಕುತ್ತವೆ ಎಂದು ಕೇಳುವವರು ವಿರಳ. ಈ ಪ್ರಶ್ನೆಯನ್ನೂ ಕೇಳಲೇಬೇಕೆಂಬುದು ನಮ್ಮ ಅಭಿಪ್ರಾಯ.

ದೊಡ್ಡ ನದಿಗೆ ಆಹಾರ ಮುಖ್ಯವಾಗಿ ಮೂರು ಕಡೆಯಿಂದ ಬರುತ್ತದೆ. ಮೇಲ್ಭಾಗದಿಂದ ಕೊಚ್ಚಿ ಬರುವ ಎಲೆ-ಕಡ್ಡಿಗಳ ಪುಡಿ ಒಂದು. ನೆರೆಯಲ್ಲಿ ಮುಳುಗುವ ದಂಡೆಯ ಹುಲ್ಲು, ಹಣ್ಣು, ಬೀಜ ಎರಡನೆಯದು. ನೀರಿನಲ್ಲಿಯೇ ಬಿಸಿಲಿನ ಬಲದಿಂದ ಬೆಳೆಯುವ ಸೂಕ್ಷ್ಮ ಪಾಚಿ ಮೂರನೆಯದು. 1980ರಲ್ಲಿ ಪ್ರಕಟವಾದ ಒಂದು ಸಿದ್ಧಾಂತವು ಮೊದಲನೆಯದಕ್ಕೆ ಒತ್ತು ಕೊಟ್ಟರೆ, 1989ರ ಇನ್ನೊಂದು ಸಿದ್ಧಾಂತವು ನೆರೆಗೆ ಒತ್ತು ಕೊಟ್ಟಿತು.

ಇದನ್ನು ಪರೀಕ್ಷಿಸುವುದು ಹೇಗೆ? ಇಂಗಾಲದಲ್ಲಿ ಹಗುರಾದುದು, ತುಸು ಭಾರವಾದುದು ಎಂದು ಎರಡು ಬಗೆಗಳಿವೆ. ಅಮೆಜಾನ್ ನದಿಯ ನೆರೆ ಬಯಲಿನ ಹುಲ್ಲಿನಲ್ಲಿ ಭಾರದ ಇಂಗಾಲದ ಪಾಲು ಹೆಚ್ಚು, ಮರದ ಎಲೆಯಲ್ಲಿ ಕಡಿಮೆ, ಸೂಕ್ಷ್ಮ ಪಾಚಿಯಲ್ಲಿ ಇನ್ನೂ ಕಡಿಮೆ. ಉಂಡ ಆಹಾರದ ಈ ಗುರುತು ಮೀನಿನ ಮಾಂಸದಲ್ಲಿ ಉಳಿಯುತ್ತದೆ. ಅಲ್ಲಿ ಕೆಸರು ಮೇಯುವ ಮೀನುಗಳನ್ನು ಹೀಗೆ ಪರೀಕ್ಷಿಸಿ 1986ರಲ್ಲಿ ಪ್ರಕಟಿಸಿದ ಫಲಿತಾಂಶ ಬೆರಗುಗೊಳಿಸುವಂತಹದು. ಕಣ್ಣು ಹಾಯಿಸಿದತ್ತ ಹುಲ್ಲೂ ಕಾಡೂ ಇದ್ದರೂ ಆ ಮೀನುಗಳ ಮೈ ಬೆಳೆದದ್ದು ಮುಖ್ಯವಾಗಿ ಕಣ್ಣಿಗೆ ಕಾಣದ ಪಾಚಿಯಿಂದ! ಅದೇ ನದಿಯ ತಂಬಾಕಿ ಎಂಬ ಮೀನು ಮಾತ್ರ ನೆರೆಯಲ್ಲಿ ಮುಳುಗಿದ ಕಾಡಿನ ಹಣ್ಣು-ಬೀಜಗಳನ್ನು ತಿನ್ನುತ್ತದೆ. ಎಂದರೆ ಹೊಳೆಯ ಅಡುಗೆಮನೆಗೆ ಒಲೆ ಒಂದೇ ಅಲ್ಲ. ಹೆಚ್ಚು ಕಾಣುವುದೇ ಹೆಚ್ಚು ಉಣಿಸುತ್ತದೆಂಬ ನಿಯಮವೂ ಇಲ್ಲ.

ಹಾಗಾದರೆ ಪಾಚಿ ಬೆಳೆಯಲೆಂದು ಕೊಳಚೆಯನ್ನು ಹೊಳೆಗೆ ಬಿಡಬಹುದೆ? ಸಲ್ಲದು. ಅತಿಯಾಗಿ ಬೆಳೆದ ಪಾಚಿ ರಾತ್ರಿಯಲ್ಲಿ ಉಸಿರಾಡುವಾಗಲೂ ಸತ್ತು ಕೊಳೆಯುವಾಗಲೂ ನೀರಿನ ಆಮ್ಲಜನಕ ತೀರುತ್ತದೆ, ಮೀನು ಸಾಯುತ್ತದೆ. ಮರಳು ತೋಡಿ ನೀರನ್ನು ಸದಾ ಕದಡಿದರೆ ಬೆಳಕು ಒಳಗಿಳಿಯದೆ ಪಾಚಿಯೇ ಬೆಳೆಯದು. ದಂಡೆಯ ಗಿಡಮರ ಕಡಿದರೆ ಇನ್ನೊಂದು ಒಲೆ ಆರುತ್ತದೆ.

ಅಮೆಜಾನಿನ ಲೆಕ್ಕ ನಮ್ಮ ಭೀಮೆಗೆ ಹಾಗೆಯೇ ಹೊಂದಬೇಕೆಂದಿಲ್ಲ. ಆದುದರಿಂದಲೇ ಪ್ರತಿ ನದಿಯನ್ನೂ ಬೇರೆ ಬೇರೆಯಾಗಿ ಅಭ್ಯಸಿಸಬೇಕು. ಅಣೆಕಟ್ಟು, ಕಾಲುವೆಗಳ ಯೋಜನೆ ಮಾಡುವಾಗ ನೀರಿನ ಲೆಕ್ಕದ ಜೊತೆಗೆ ಈ ಅನ್ನದ ಲೆಕ್ಕವನ್ನೂ ಇಡಬೇಕು. ಮೀನನ್ನೇ ನಂಬಿದ ಮನೆತನಗಳು ನಮ್ಮ ಹೊಳೆಸಾಲಿನಲ್ಲಿಯೂ ಇವೆಯಲ್ಲವೆ?

ವಿದ್ಯಾರ್ಥಿಗಳೇ, ಕಲ್ಲಿನ ಮೇಲಿನ ಹಾವಸೆಯನ್ನು ಹೊಲಸೆಂದು ಹಳಿಯದಿರಿ. ಅದನ್ನು ಯಾರು ತಿನ್ನುತ್ತಾರೆ, ಅವರನ್ನು ಯಾರು ತಿನ್ನುತ್ತಾರೆ ಎಂದು ನೋಡಿ ಬರೆದಿಡಿರಿ. ಪಾಲಕರು ಅದಕ್ಕೆ ಉತ್ತೇಜನ ಕೊಡಲಿ. ಹೊಳೆಯನ್ನು ಅರಿತವರೇ ಹೊಳೆಯನ್ನು ಉಳಿಸಬಲ್ಲರು.