ಬಾಗಿಲಲ್ಲಿ ಕನ್ನಡ, ಪರದೆಯಲ್ಲಿ ಇಂಗ್ಲಿಷ್! ಇದೆಂಥ ನ್ಯಾಯ?

ಕನ್ನಡದ ಯುವಕ ಯುವತಿಯರೇ,

ಬೋರ್ಡಿನ ಹೋರಾಟ ನಿಮಗೆ ಗೊತ್ತು. 2017ರಲ್ಲಿ ನಮ್ಮ ಮೆಟ್ರೊ ನಿಲ್ದಾಣಗಳ ಹಿಂದಿ ಫಲಕಗಳ ವಿರುದ್ಧ ದನಿ ಎದ್ದಿತು. 2023ರ ಡಿಸೆಂಬರಿನಲ್ಲಿ ಇಂಗ್ಲಿಷ್ ಬೋರ್ಡುಗಳ ವಿರುದ್ಧ ಬೆಂಗಳೂರಿನ ಬೀದಿಗಳು ಕಾವೇರಿದವು. 2024ರಲ್ಲಿ ಕಾಯ್ದೆಗೇ ತಿದ್ದುಪಡಿ ಬಂದು, ಅಂಗಡಿ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ, ಕಡ್ಡಾಯವಾಯಿತು. ಸಂತೋಷ. ಈಗ ಆ ಬೋರ್ಡು ದಾಟಿ ಒಳಗೆ ಹೋಗಿ ನೋಡಿ. ಎಟಿಎಂ ಎದುರು ನಿಲ್ಲಿ. ಜೇಬಿನಿಂದ ಮೊಬೈಲು ತೆಗೆಯಿರಿ. ಬಾಗಿಲಿಗೆ ಕನ್ನಡದ ತೋರಣ, ಒಳಮನೆಯಲ್ಲಿ ಇಂಗ್ಲಿಷಿನ ದರ್ಬಾರು!

ಬ್ಯಾಂಕು, ರೈಲ್ವೆ ಟಿಕೆಟ್ಟು, ಆಸ್ಪತ್ರೆ ಚೀಟಿ, ಎಲ್ಲವೂ ಒಂದೊಂದಾಗಿ ಪರದೆಯ ಹಿಂದೆ ಸೇರಿಕೊಳ್ಳುತ್ತಿವೆ. ಕೌಂಟರಿನಲ್ಲಿ ಕೂತ ಗುಮಾಸ್ತ ಕನ್ನಡ ಬರಲ್ಲ ಅಂದರೆ ಕೇಳಲು ನಮಗೆ ಬಾಯಿತ್ತು. ಗಾಜಿನ ಪರದೆಯನ್ನು ಯಾರು ಕೇಳಬೇಕು?

ನಾನಿರುವುದು ನಾಗಸಂದ್ರದಲ್ಲಿ. ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ. ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಇಲ್ಲಿ ದುಡಿಯುವ ಕೈಗಳಿಗೆ ಲೆಕ್ಕವಿಲ್ಲ. ಸಂಬಳದ ದಿನ ಎಟಿಎಂ ಬಾಗಿಲಲ್ಲಿ ನಿಂತು, "ಅಣ್ಣಾ, ಸ್ವಲ್ಪ ತೆಗೆದುಕೊಡ್ತೀರಾ?" ಎಂದು ಕಾರ್ಡನ್ನೂ ಪಿನ್ನನ್ನೂ ಗುರುತಿಲ್ಲದವರ ಕೈಗೆ ಕೊಡುವವರನ್ನು ಕಣ್ಣಾರೆ ಕಂಡಿದ್ದೇನೆ. ಯುಪಿಐನಲ್ಲಿ ಹಣ ಕೊಡಲು ಪಿನ್ ಬೇಕು, ಪಡೆಯಲು ಬೇಕಿಲ್ಲ. ಇಷ್ಟನ್ನು ಪರದೆಯೇ ಅಚ್ಚ ಕನ್ನಡದಲ್ಲಿ ಎಚ್ಚರಿಸಿದರೆ ಎಷ್ಟು ಬಡವರ ದುಡ್ಡು ಉಳಿಯುತ್ತಿತ್ತು! ಹಣ ಹೋದ ಮೇಲೆ ಅವರು ಬಯ್ದುಕೊಳ್ಳುವುದು ಯಂತ್ರವನ್ನಲ್ಲ, ತಮ್ಮನ್ನೇ: "ನಮಗೆ ಓದು ಸಾಲದು ಸ್ವಾಮಿ."

ಸುಳ್ಳು! ಓದು ಸಾಲದಿರುವುದು ಯಂತ್ರ ಮಾಡಿದವರಿಗೆ. ಇದು ಬರೀ ಚಳವಳಿಗಾರರ ಕೂಗಲ್ಲ. ಅಮೆರಿಕದ ಡೊನಾಲ್ಡ್ ನಾರ್ಮನ್ 1988ರಲ್ಲೇ ಪುಸ್ತಕ ಬರೆದು, ಜನ ಬಳಸುವಾಗ ಎಡವಿದರೆ ತಪ್ಪು ಸಾಮಾನ್ಯವಾಗಿ ವಸ್ತುವಿನ ವಿನ್ಯಾಸದ್ದು ಎಂದು ವಾದಿಸಿದರು. ಡೆನ್ಮಾರ್ಕಿನ ಯಾಕೋಬ್ ನೀಲ್ಸನ್ 1994ರಲ್ಲಿ ಪಟ್ಟಿ ಮಾಡಿದ ಹತ್ತು ಸೂತ್ರಗಳು ಈ ವಿದ್ಯೆಯ ಬಾಲಪಾಠ. ಯಂತ್ರ ಬಳಸುವವರ ಮಾತಿನಲ್ಲೇ ಮಾತಾಡಬೇಕು. ಈಗ ಏನು ನಡೆಯುತ್ತಿದೆ ಎಂದು ತಿಳಿಸಬೇಕು. ತಪ್ಪಾದಾಗ ಏನು ತಪ್ಪಾಯಿತು, ಸರಿಪಡಿಸುವುದು ಹೇಗೆ ಎಂದು ಸರಳವಾಗಿ ಹೇಳಬೇಕು. ಬೇಕಾದ್ದನ್ನು ನೋಡಿದ ಕೂಡಲೇ ಗುರುತಿಸುವಂತಿರಬೇಕು, ಬಾಯಿಪಾಠ ಮಾಡಿಸಬಾರದು.

ನಮ್ಮ ಜನ ಮಾಡುತ್ತಿರುವುದು ಬಾಯಿಪಾಠವನ್ನೇ. "ಮೇಲಿನಿಂದ ಮೂರನೇ ಗುಂಡಿ, ಆಮೇಲೆ ಹಸಿರು ಗುಂಡಿ." ಒಂದು ದಿನ ಕಂಪನಿಯವರು ಆಪ್ ಬದಲಿಸಿ ಗುಂಡಿಯ ಜಾಗ ಪಲ್ಲಟ ಮಾಡಿದರೆ ಮುಗಿಯಿತು, ಕಲಿತದ್ದೆಲ್ಲ ನೀರುಪಾಲು.

ಹಿಂದೊಮ್ಮೆ ಒಂದು ಕಾರ್ಖಾನೆಯವರು ನನ್ನ ಪ್ರೆಸ್ಸಿಗೆ ಬಂದು 'ನಡೆಸು', 'ನಿಲ್ಲಿಸು', 'ಅಪಾಯ' ಎಂದು ಕನ್ನಡ ಸ್ಟಿಕ್ಕರ್ ಮಾಡಿಸಿಕೊಂಡು ಹೋದರು. ಲಕ್ಷಗಟ್ಟಲೆ ಬೆಲೆಯ ಯಂತ್ರ. ಕಾರ್ಮಿಕನ ಬೆರಳು ಉಳಿಸಲು ಎರಡು ರೂಪಾಯಿಯ ಸ್ಟಿಕ್ಕರ್! ಆ ಎರಡು ರೂಪಾಯಿಯ ಬುದ್ಧಿ ಯಂತ್ರ ಮಾಡಿದವರಿಗೆ ಯಾಕೆ ಬರಲಿಲ್ಲ?

ಅಚ್ಚುಮೊಳೆಯ ಕಾಲದ ಪ್ರೆಸ್ಸುಗಳಲ್ಲಿ ಕಂಪೋಸಿಟರನ ಮುಂದೆ ನೂರಾರು ಮನೆಗಳ ಕೇಸು ಇರುತ್ತಿತ್ತು. ಪದೇ ಪದೇ ಬೇಕಾಗುವ ಮೊಳೆ ಕೈಗೆ ಹತ್ತಿರ, ಅಪರೂಪದ ಮೊಳೆ ದೂರ. ಕೇಸು ಕೈಗೆ ಒಗ್ಗುತ್ತಿತ್ತು. ವಿನ್ಯಾಸ ಎಂದರೆ ಇದೇ. ಕಂಪ್ಯೂಟರ್ ಬಂದಾಗ ಕೆ.ಪಿ. ರಾವ್ ಅವರು ಇದೇ ವಿವೇಕ ತೋರಿದರು. ಕನ್ನಡದ ನೂರಾರು ಗುಣಿತಾಕ್ಷರ, ಒತ್ತಕ್ಷರಗಳನ್ನು ಇಂಗ್ಲಿಷಿನ 26 ಕೀಲಿಗಳಲ್ಲೇ ಅಡಗಿಸಿದರು. 'ಕೆ' ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. 'ಎಫ್' ಒತ್ತಿದರೆ ಮುಂದಿನ ಅಕ್ಷರ ಒತ್ತಾಗಿ ಕೆಳಗಿಳಿಯುತ್ತದೆ. ನುಡಿ ತಂತ್ರಾಂಶ ಬಳಸಿದವರಿಗೆಲ್ಲ ಇದು ಬೆರಳಲ್ಲೇ ಗೊತ್ತು. ಕನ್ನಡದ ವ್ಯಾಕರಣ ಮೊದಲು, ಯಂತ್ರ ಆಮೇಲೆ. ಹಾಗಾಗಿಯೇ ಅದು ಬಾಳಿತು.

ಇಂದಿನ ಪರದೆಗಳಲ್ಲಿ ನಡೆಯುವುದು ತಲೆಕೆಳಗು. ಇಂಗ್ಲಿಷಿಗೆ ಅಳೆದು ಹೊಲಿದ ಅಂಗಿಯನ್ನು ಕೊನೆಗೆ ಕನ್ನಡಕ್ಕೆ ತೊಡಿಸುತ್ತಾರೆ. ನಮ್ಮ ಅಕ್ಷರಕ್ಕೆ ತಲೆಕಟ್ಟಿದೆ, ಕೆಳಗೆ ಒತ್ತಿದೆ. ಸಾಲುಗಳ ನಡುವೆ ಜಾಗ ಬೇಕು ಎಂಬುದು ಪ್ರೆಸ್ಸಿನ ಹುಡುಗನಿಗೂ ಗೊತ್ತು. ಜಾಗ ಕೊಡದಿದ್ದರೆ ಒತ್ತು ಕತ್ತರಿಸಿ ಹೋಗುತ್ತದೆ. 'ಹಣ ಕಟ್ಟು' ಎಂಬುದು 'ಹಣ ಕಟು' ಆಗುತ್ತದೆ, 'ಮೊತ್ತ' 'ಮೊತ' ಆಗುತ್ತದೆ. ಇನ್ನು ಅನುವಾದ? ಟಿಕೆಟ್ ಬುಕ್ ಮಾಡುವ ಗುಂಡಿಗೆ 'ಪುಸ್ತಕ' ಎಂದೂ, ಖಾತೆಯ ಬ್ಯಾಲೆನ್ಸಿಗೆ 'ಸಮತೋಲನ' ಎಂದೂ ಬರೆದರೆ ಯಾವ ಅಜ್ಜಿಗೆ ಅರ್ಥವಾದೀತು? 'ಖಾತೆಯಲ್ಲಿರುವ ಹಣ' ಎನ್ನಲು ಇವರಿಗೇನು ನಾಲಿಗೆ ತೊಡರುತ್ತದೆಯೇ?

ಎಲ್ಲಕ್ಕಿಂತ ದೊಡ್ಡ ತಮಾಷೆ ಕೇಳಿ. ಕನ್ನಡ ಬೇಕಾದರೆ ಇಂಗ್ಲಿಷಿನಲ್ಲಿ ಬರೆದ 'ಸೆಟ್ಟಿಂಗ್ಸ್' ಹುಡುಕಿ, ಅದರೊಳಗೆ ಇಂಗ್ಲಿಷಿನಲ್ಲೇ ಬರೆದ 'ಲ್ಯಾಂಗ್ವೇಜ್' ಹುಡುಕಬೇಕು. ಕನ್ನಡದ ಮನೆಯ ಕೀಲಿಕೈ ಇಂಗ್ಲಿಷಿನ ಪೆಟ್ಟಿಗೆಯೊಳಗೆ! ಆಮೇಲೆ ದೊರೆಗಳು ಹೇಳುತ್ತಾರೆ: "ಕನ್ನಡ ಬಳಸುವವರೇ ಇಲ್ಲ." ಬಚ್ಚಿಟ್ಟದ್ದನ್ನು ಬಳಸುವುದು ಹೇಗೆ ಸ್ವಾಮಿ? "ತಾಂತ್ರಿಕ ತೊಂದರೆ" ಎಂಬ ಸಬೂಬೂ ಸತ್ತು ಎಷ್ಟೋ ಕಾಲವಾಯಿತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಖಾತೆ ತೆರೆಯುವ ಅರ್ಜಿ, ಪಾಸ್‌ಬುಕ್ ಮುಂತಾದ ಮುದ್ರಿತ ಕಾಗದಗಳು ಪ್ರಾದೇಶಿಕ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕ್ 2015ರ ಸುತ್ತೋಲೆಯಲ್ಲಿ ಹೇಳಿತ್ತು. ಕಾಗದಕ್ಕೆ ಒಪ್ಪಿದ ನ್ಯಾಯ ಪರದೆಗೆ ಯಾಕೆ ಬೇಡ?

ಈಗ ಒಂದು ಖಾರದ ಮಾತು. ಈ ಪರದೆಗಳನ್ನು ಕಟ್ಟುವವರು ಯಾರೋ ಪರದೇಶಿಗಳು ಮಾತ್ರವೇ? ಇದೇ ಬೆಂಗಳೂರಿನ ಕಂಪನಿಗಳಲ್ಲಿ ಕೂತ ನಮ್ಮ ಹುಡುಗ ಹುಡುಗಿಯರೂ ಅಲ್ಲವೇ? ನವೆಂಬರ್ ಒಂದರಂದು ಹಳದಿ ಕೆಂಪು ಶಾಲು ಹೊದ್ದು ಫೋಟೋ ತೆಗೆಸಿಕೊಂಡರೆ ಸಾಲದು. ಎರಡನೇ ತಾರೀಖು ಆಫೀಸಿನಲ್ಲಿ ಒಂದು ಪ್ರಶ್ನೆ ಕೇಳಿ: "ಇದರಲ್ಲಿ ಕನ್ನಡ ಎಲ್ಲಿ?"

ನಮ್ಮ ಬೇಡಿಕೆ ನಾಲ್ಕೇ:

ಒಂದು, ಕರ್ನಾಟಕದಲ್ಲಿ ಜನರ ಹಣ, ಆರೋಗ್ಯ, ಪ್ರಯಾಣ ಮುಟ್ಟುವ ಪ್ರತಿ ಪರದೆಯ ಮೊದಲ ಪುಟದಲ್ಲೇ 'ಕನ್ನಡ' ಎಂಬ ಗುಂಡಿ, ಕನ್ನಡ ಲಿಪಿಯಲ್ಲಿ.

ಎರಡು, ತಪ್ಪಿನ ಸೂಚನೆ, ಎಚ್ಚರಿಕೆ, ರಸೀದಿ ಕೂಡ ಕನ್ನಡದಲ್ಲಿ.

ಮೂರು, ಒತ್ತು ಕತ್ತರಿಸದ ವಿನ್ಯಾಸ, ಜನ ಆಡುವ ಮಾತು.

ನಾಲ್ಕು, ಬಿಡುಗಡೆಗೆ ಮುನ್ನ ಇಂಗ್ಲಿಷ್ ಬಾರದ ಕನ್ನಡಿಗರ ಕೈಗೆ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ನಿಂತು ನೋಡಿ. ಅವರು ಎಡವಿದ ಕಡೆ ತಿದ್ದಿ. ಪ್ರೂಫ್ ನೋಡದೆ ನಾವು ಮದುವೆ ಕಾರ್ಡನ್ನೂ ಅಚ್ಚು ಹಾಕುವುದಿಲ್ಲ!

ಗೆಳೆಯರೇ, ಇವತ್ತೇ ನಿಮ್ಮ ಮೊಬೈಲಿನ ಭಾಷೆ ಕನ್ನಡಕ್ಕೆ ತಿರುಗಿಸಿ. ಎಲ್ಲಿ ಒತ್ತು ಹರಿದಿದೆ, ಎಲ್ಲಿ ಮಾತು ಕೆಟ್ಟಿದೆ, ಗುರುತು ಹಾಕಿ ಕಂಪನಿಗೆ ಬರೆಯಿರಿ. ತಿದ್ದುವವರೆಗೆ ಬರೆಯಿರಿ. ಬೋರ್ಡು ಗೆದ್ದಾಯಿತು, ಇನ್ನು ಪರದೆ ಗೆಲ್ಲೋಣ!