ತೆರೆಯ ಮೇಲಿನ ಗರಡಿ

ನಮ್ಮ ದೇಶದವನೊಬ್ಬನು ತೆಗೆದ ಮೊದಲ ಚಲಚ್ಚಿತ್ರ ಯಾವುದನ್ನು ಕುರಿತದ್ದು ಎಂದು ಕೇಳಿದರೆ, ಪುರಾಣದ ಕಥೆಯನ್ನೋ ರಾಜರ ಮೆರವಣಿಗೆಯನ್ನೋ ಹೆಸರಿಸುವವರೇ ಹೆಚ್ಚು. ಆದರೆ ಅದು ಕುಸ್ತಿಯ ಚಿತ್ರ. 1899ರಲ್ಲಿ ಹರಿಶ್ಚಂದ್ರ ಸಖಾರಾಮ ಭಾಟವಡೇಕರ್ ಎಂಬ ಛಾಯಾಗ್ರಾಹಕರು ಲಂಡನ್ನಿನಿಂದ ತರಿಸಿದ ಯಂತ್ರದಿಂದ ಮುಂಬಯಿಯ ಹ್ಯಾಂಗಿಂಗ್ ಗಾರ್ಡನ್ನಿನಲ್ಲಿ ಇಬ್ಬರು ಪೈಲ್ವಾನರ ಸೆಣಸಾಟವನ್ನು ಸೆರೆಹಿಡಿದರು. ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' ಬಂದದ್ದು 1913ರಲ್ಲಿ. ಕಥೆ ಹೇಳುವುದನ್ನು ಕಲಿಯುವುದಕ್ಕೆ ಎಷ್ಟೋ ಮೊದಲೇ ನಮ್ಮ ಚಲಚ್ಚಿತ್ರ ಗರಡಿಯ ಮಣ್ಣನ್ನು ಮೆಟ್ಟಿತ್ತು ಎಂದಾಯಿತು.

ಅಂದು ನೂರಾರು ಜನ ಕೂಡಿ ನೋಡಬೇಕಾಗಿದ್ದ ತೆರೆ ಇಂದು ಒಬ್ಬೊಬ್ಬರ ಅಂಗೈಯಲ್ಲಿದೆ. ಬಲಸಮುದ್ರದಂಥ ಊರಿನಲ್ಲಿಯೂ ಪೊಲೀಸು ಇಲಾಖೆಗೋ ಸೈನ್ಯಕ್ಕೋ ಸೇರಬೇಕೆಂಬ ಹುಡುಗ ಬೆಳಗಿನ ಜಾವ ಎದ್ದು ರಸ್ತೆಯಲ್ಲಿ ಓಡುತ್ತಾನೆ. ಬಂದು ಫೋನನ್ನು ಗೋಡೆಗೆ ಒರಗಿಸಿಟ್ಟು, ಅದರಲ್ಲಿ ಕಾಣುವಂತೆ ದಂಡೆ ಹೊಡೆಯುತ್ತಾನೆ, ಬಸ್ಕಿ ತೆಗೆಯುತ್ತಾನೆ. ಕರಾಟೆಯ ಒದೆತ, ದೊಣ್ಣೆವರಸೆಯ ತಿರುವು, ಯೋಗಾಸನ, ಎಲ್ಲವೂ ಅಲ್ಲಿ ಉಂಟು. ಮಧುಗಿರಿ, ಶಿರಾ, ಪಾವಗಡಗಳ ಕಡೆಯ ಹುಡುಗನಿಗೆ ಜಗತ್ತಿನ ಗರಡಿಗಳೆಲ್ಲ ತೆರೆದಿವೆ. ತನ್ನ ಬೀದಿಯಲ್ಲಿ ಮಾತ್ರ ಉಸ್ತಾದನಿಲ್ಲ. ಇದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಗುರುವಿಲ್ಲದೆಡೆ ಚಿತ್ರವಾದರೂ ಇದೆಯಲ್ಲ ಎಂದು ಸಂತೋಷಪಡಬೇಕು. ಆದರೆ ಆ ಚಿತ್ರ ಗುರುವಿನ ಯಾವ ಕೆಲಸವನ್ನು ಮಾಡಬಲ್ಲುದು, ಯಾವುದನ್ನು ಮಾಡಲಾರದು ಎಂಬ ವಿವೇಚನೆ ನಮ್ಮಲ್ಲಿ ನಡೆದಂತೆ ಕಾಣುವುದಿಲ್ಲ.

ಅಂಗಸಾಧನೆಯ ಚಿತ್ರಗಳಲ್ಲಿ ಎರಡು ಬಗೆ. ನೋಡುವವನಿಗಾಗಿ ತೆಗೆದದ್ದು ಸಾಕ್ಷ್ಯಚಿತ್ರ; ಮಾಡುವವನಿಗಾಗಿ ತೆಗೆದದ್ದು ಬೋಧನಚಿತ್ರ. ಮೊದಲನೆಯದು ಬೆರಗನ್ನು ಹುಟ್ಟಿಸಬೇಕು, ಎರಡನೆಯದು ಅಭ್ಯಾಸವನ್ನು. ಇವೆರಡನ್ನೂ ಬೆರೆಸಿಬಿಡುವುದೇ ನಮ್ಮ ದೊಡ್ಡ ತೊಡಕು. ಮೈಸೂರಿನ ವಜ್ರಮುಷ್ಟಿ ಕಾಳಗವನ್ನು ನೋಡಿ. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ಜಟ್ಟಿಗಳು ಎದುರುಬದುರಾಗಿ ನಿಲ್ಲುತ್ತಾರೆ. ಒಬ್ಬನ ತಲೆಯಿಂದ ಮೊದಲ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಕ್ಯಾಮರಾಗಳೆಲ್ಲ ಕಾದು ಹಿಡಿಯುವುದು ಆ ಒಂದು ಹನಿಯನ್ನು. ಆ ಕ್ಷಣಕ್ಕಾಗಿ ಜಟ್ಟಿ ಎಷ್ಟು ದಿನ ಏನನ್ನು ಉಂಡ, ಯಾವ ಸಾಮು ತೆಗೆದ, ಹೆಜ್ಜೆಯನ್ನು ಹೇಗೆ ತಿದ್ದಿಕೊಂಡ ಎಂಬುದು ಯಾವ ತೆರೆಯ ಮೇಲೂ ಬರುವುದಿಲ್ಲ. ಫಲವನ್ನು ತೋರಿಸಿ ಬೇಸಾಯವನ್ನು ಮರೆಸಿದ ಹಾಗಾಯಿತು.

ಬೋಧನಚಿತ್ರವೆಂದು ಹೆಸರಿಟ್ಟುಕೊಂಡವು ಇದಕ್ಕಿಂತ ಮೇಲೆಂದು ಹೇಳಲಾರೆ. ಅವುಗಳಲ್ಲಿ ಮಾಡಿ ತೋರಿಸುವವನು ಬಹುಮಟ್ಟಿಗೆ ಆಗಲೇ ಪಳಗಿದವನು. ಅವನ ಮೈ ತಪ್ಪುವುದೇ ಇಲ್ಲ. ಆದರೆ ಕಲಿಯುವವನ ಮೈ ಮೊದಲು ಮಾಡುವುದು ತಪ್ಪನ್ನೇ. ಗರಡಿಯಲ್ಲಿ ಉಸ್ತಾದನು ದಿನವಿಡೀ ಮಾಡುತ್ತಿದ್ದ ಕೆಲಸವೇನು? ತಾನು ಪಟ್ಟು ಹಾಕಿ ಮೆರೆಯುವುದಲ್ಲ. ಶಿಷ್ಯನ ಬಾಗಿದ ಬೆನ್ನಿಗೆ ಕೈಯಿಡುವುದು, ಜಾರಿದ ಮಂಡಿಯನ್ನು ಕಾಲಿನಿಂದ ಸರಿಸುವುದು, ಇವತ್ತಿಗೆ ಸಾಕು ಎಂದು ತಡೆಯುವುದು. ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ ನೋಡಿ ನೆಲದಿಂದ ಭಾರವೆತ್ತುವುದನ್ನು ಕಲಿತ. ಚಿತ್ರದಲ್ಲಿದ್ದಂತೆಯೇ ತಾನೂ ಎತ್ತುತ್ತಿದ್ದೇನೆಂದು ಅವನು ದೃಢವಾಗಿ ನಂಬಿದ್ದ. ಬೆನ್ನು ಹಿಡಿದುಕೊಂಡು ಮೂರು ವಾರ ತರಗತಿಗೆ ಬಾರದೆ ಹೋದಾಗಲೇ ಅವನ ನಂಬಿಕೆ ಸಡಿಲವಾದದ್ದು. ಚಿತ್ರ ನಮಗೆ ಕಾಣುತ್ತದೆ. ನಾವು ಚಿತ್ರಕ್ಕೆ ಕಾಣುವುದಿಲ್ಲ. ಬೋಧನಚಿತ್ರದ ಮೂಲಭೂತವಾದ ಕೊರತೆ ಇದು.

ಈ ಕೊರತೆಯನ್ನು ಪೂರ್ಣವಾಗಿ ತುಂಬಲಾಗದು, ಬಹಳಷ್ಟು ತಗ್ಗಿಸಬಹುದು. ದಾರಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಮ್ಮ ನೆರೆಯ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸಿದರು. 1934ರಲ್ಲಿ ಅವರ 'ಯೋಗಮಕರಂದ' ಕನ್ನಡದಲ್ಲಿಯೇ, ಛಾಯಾಚಿತ್ರಗಳೊಡನೆ ಪ್ರಕಟವಾಯಿತು. 1938ರಲ್ಲಿ ಅವರ ಮತ್ತು ಅವರ ಶಿಷ್ಯ ಬಿ. ಕೆ. ಎಸ್. ಅಯ್ಯಂಗಾರರ ಆಸನಗಳನ್ನು ಚಲಚ್ಚಿತ್ರವಾಗಿಯೂ ತೆಗೆದರು. ಆ ಚಿತ್ರವನ್ನು ಇಂದಿಗೂ ಜಗತ್ತಿನ ಯೋಗಾಭ್ಯಾಸಿಗಳು ಕಣ್ಣರಳಿಸಿ ನೋಡುತ್ತಾರೆ. ಆದರೆ ಅದು ಮೂಕಚಿತ್ರ. ಉಸಿರನ್ನು ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಗುರುವಾಣಿ ಅದರಲ್ಲಿಲ್ಲ. ಪುಸ್ತಕದಲ್ಲಿ ಮಾತುಂಟು, ಚಲನೆಯಿಲ್ಲ. ಚಿತ್ರದಲ್ಲಿ ಚಲನೆಯುಂಟು, ಮಾತಿಲ್ಲ. ಎರಡೂ ಕೂಡಿದ್ದರೆ ಎಂಥ ನಿಧಿ ನಮ್ಮದಾಗುತ್ತಿತ್ತು!

'ಶಾಂತಲಾ', 'ರೂಪದರ್ಶಿ' ಕಾದಂಬರಿಗಳಿಂದ ಕನ್ನಡಿಗರಿಗೆ ಪ್ರಿಯರಾದ ಕೆ. ವಿ. ಅಯ್ಯರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. ದೂರದವರಿಗೆ ಅಂಚೆಯ ಮೂಲಕವೂ ಅಂಗಸಾಧನೆಯನ್ನು ಕಲಿಸಿದವರು. ಅಂಚೆ ಚಲಚ್ಚಿತ್ರಕ್ಕಿಂತ ನಿಧಾನವಾದುದು ನಿಜ. ಆದರೆ ಕಾಗದಕ್ಕೆ ಒಂದು ಗುಣವುಂಟು: ಅದಕ್ಕೆ ಉತ್ತರ ಬರೆಯಬಹುದು, ಸಂದೇಹ ಕೇಳಬಹುದು. ಇಂದಿನ ತೆರೆಯಲ್ಲಿ ಈ ಎರಡನೆಯ ದಾರಿಯೂ ತೆರೆದಿದೆ. ಶಿಷ್ಯನು ತನ್ನ ಚಿತ್ರವನ್ನು ಗುರುವಿಗೆ ಕಳುಹಿಸಬಹುದು. ಆ ಅನುಕೂಲವನ್ನು ಬಿಟ್ಟು ಬರಿಯ ಪ್ರದರ್ಶನದಲ್ಲಿ ತೃಪ್ತರಾಗುವುದೇಕೆ?

ಕನ್ನಡ ಪಾಠ ಹೇಳುವವನಾದ ನನಗೆ ಇನ್ನೊಂದು ಚಿಂತೆಯೂ ಉಂಟು. ನಮ್ಮ ಆಡುಮಾತು ಗರಡಿಗೆ ಎಷ್ಟು ಋಣಿಯಾಗಿದೆ ಎಂಬುದನ್ನು ನಾವು ಮರೆತಿದ್ದೇವೆ. ಹಟಮಾರಿ ಪಟ್ಟು ಹಿಡಿಯುತ್ತಾನೆ. ಚತುರ ವರಸೆ ಬದಲಿಸುತ್ತಾನೆ. ಸ್ಪರ್ಧಿ ತೊಡೆ ತಟ್ಟುತ್ತಾನೆ. ಒಳ್ಳೆಯ ಗುರುವಿನ ಶಿಷ್ಯನನ್ನು ಆತನ ಗರಡಿಯಲ್ಲಿ ಪಳಗಿದವನೆನ್ನುತ್ತೇವೆ. ಸೋತೂ ಬೀಗುವವನನ್ನು ಕಂಡರೆ, ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂದು ನಗುತ್ತೇವೆ. ಪಾರಸಿಯ ಉಸ್ತಾದನೂ ಸಂಸ್ಕೃತದ ಮಲ್ಲನೂ ಕನ್ನಡದ ಪಟ್ಟೂ ಒಂದೇ ಮಟ್ಟಿಯ ಮಣ್ಣಿನಲ್ಲಿ ಹೊರಳಿ ಒಂದಾದುವು. ಈಗ ಹುಡುಗರ ಬಾಯಲ್ಲಿ ದಂಡೆ 'ಪುಶಪ್' ಆಗಿದೆ, ಬಸ್ಕಿ 'ಸ್ಕ್ವಾಟ್' ಆಗಿದೆ. ಹೊಸ ಮಾತು ಬರಲಿ, ಬೇಡವೆನ್ನುವವರಾರು? ಹಳೆಯ ಮಾತು ತಿಳಿದವರ ಬಾಯಿಂದ ಅದನ್ನು ಕೇಳಿಡದೆ ಕಳೆದುಕೊಳ್ಳುವುದು ಮಾತ್ರ ಅವಿವೇಕ. ಗರಡಿಯನ್ನು ಕುರಿತ ಸಾಕ್ಷ್ಯಚಿತ್ರಗಳಲ್ಲಿಯೂ ಎಷ್ಟೋ ವೇಳೆ ಮುದುಕ ಉಸ್ತಾದ ಬಾಯಿ ತೆರೆದೊಡನೆ ತಮಟೆ ಮೊಳಗುತ್ತದೆ. ಇಲ್ಲವೆ ನಿರೂಪಕನ ಪುಸ್ತಕದ ಕನ್ನಡ ಅವನ ಮಾತನ್ನು ಮುಚ್ಚಿಬಿಡುತ್ತದೆ.

ಮಲ್ಲವಿದ್ಯೆ ಗುರುಮುಖದಿಂದಲೇ ಬರಬೇಕು, ಯಂತ್ರಕ್ಕೆ ಒಗ್ಗದು ಎಂದು ಆಕ್ಷೇಪಿಸುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಮಲ್ಲರ ದರ್ಜೆ, ಆಹಾರ, ಅಭ್ಯಾಸಗಳನ್ನು ಬರೆದಿಟ್ಟನಲ್ಲ! ಬರೆದ ಮಾತ್ರಕ್ಕೆ ಗುರುಪರಂಪರೆ ಕೆಡಲಿಲ್ಲ. ಜಪಾನಿನ ಜೂಡೋ ಗುರು ಕ್ಯೂಜೋ ಮಿಫುನೆ 1955ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ತನ್ನ ವಿದ್ಯೆಯ ಪಟ್ಟುಗಳನ್ನು ಚಲಚ್ಚಿತ್ರದಲ್ಲಿ ವಿವರವಾಗಿ ತೋರಿಸಿಕೊಟ್ಟ. 1965ರಲ್ಲಿ ಆತ ತೀರಿಕೊಂಡ, ಚಿತ್ರ ಉಳಿಯಿತು. ಆ ಚಿತ್ರವಿದ್ದುದರಿಂದ ಜೂಡೋ ಶಾಲೆಗಳೇನೂ ಬರಿದಾಗಲಿಲ್ಲ.

ಆದುದರಿಂದ ನಮಗೆ ಬೇಕಾದದ್ದು ಮೆರೆಯುವ ಚಿತ್ರವಲ್ಲ, ತಾಳ್ಮೆಯ ಚಿತ್ರ. ಒಂದು ಚಿತ್ರಕ್ಕೆ ಒಂದೇ ಪಟ್ಟು ಸಾಕು. ಅದನ್ನು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ತೋರಿಸಲಿ. ಮಾಡುವವನು ಹೊಸಬನಾಗಿರಲಿ, ಅವನು ತಪ್ಪಲಿ, ಉಸ್ತಾದ ತಿದ್ದಲಿ. ಯಾರು ಈ ಸಾಧನೆ ಮಾಡಬಾರದು, ಎಲ್ಲಿ ನೋವು ಕಂಡರೆ ನಿಲ್ಲಿಸಬೇಕು ಎಂಬುದನ್ನು ಮೊದಲೇ ಹೇಳಲಿ. ಉಸ್ತಾದನು ತನ್ನ ಸೀಮೆಯ ಕನ್ನಡದಲ್ಲಿ ಮಾತನಾಡಲಿ; ಅವನ ಮಾತಿನ ಮೇಲೆ ವಾದ್ಯ ಬೇಡ. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಗಳಂಥ ಸಂಸ್ಥೆಗಳು ಇದನ್ನು ಕೈಗೆತ್ತಿಕೊಂಡರೆ ಭಾಷೆಗೂ ದೇಹಕ್ಕೂ ಏಕಕಾಲದಲ್ಲಿ ಉಪಕಾರವಾದೀತು. ಅಲ್ಲಿಯ ತನಕ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಒಬ್ಬ ವ್ಯಾಯಾಮದ ಮೇಷ್ಟ್ರು, ಒಬ್ಬ ಕನ್ನಡದ ಮೇಷ್ಟ್ರು, ಫೋನು ಹಿಡಿಯಬಲ್ಲ ಇಬ್ಬರು ವಿದ್ಯಾರ್ಥಿಗಳು ಕೂಡಿದರೆ ತಮ್ಮ ಊರಿನ ಹಿರಿಯ ಪೈಲ್ವಾನನ ಮನೆಗೆ ಹೋಗಿ ಈ ಕೆಲಸವನ್ನು ಆರಂಭಿಸಬಹುದು. ಬೇಗ ಹೋಗಬೇಕು, ಆ ಮನೆಗಳಲ್ಲಿ ಮಾತು ಬಲ್ಲವರ ವಯಸ್ಸು ನಮಗಾಗಿ ಕಾಯುವುದಿಲ್ಲ.